ಹೆಂಡದ ಮರುದಿನ, ಕ್ವಾರ್ಟರಿನ ಮರುದಿನ

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೊರಗಿನವರು ಹೋಗುವುದು ಹದಿಮೂರನೆಯ ಶತಮಾನದ ಪಂಚಲಿಂಗೇಶ್ವರ ದೇವಾಲಯಕ್ಕಾಗಿ, ಸಾಲಾಗಿ ನಿಂತ ಐದು ಗರ್ಭಗುಡಿಗಳಿಗಾಗಿ. ಅಲ್ಲಿಂದ ಪೂರ್ವಕ್ಕೆ ನಾಗಮಂಗಲ, ದಕ್ಷಿಣಕ್ಕೆ ಪಾಂಡವಪುರ, ಶ್ರೀರಂಗಪಟ್ಟಣದವರೆಗಿನ ಸೀಮೆಯಲ್ಲಿ ನೆಲ ಎರಡು ಬಗೆಯದು. ಕಾಲುವೆ ನೀರು ಹರಿದ ಕಡೆ ಭತ್ತ, ಕಬ್ಬು. ಹರಿಯದ ಕಡೆ ರಾಗಿ, ಹುರುಳಿ, ಹಳ್ಳದ ದಂಡೆಯ ಈಚಲು. ಇಲ್ಲಿನ ಕುಡಿತದ ಚರಿತ್ರೆಯೂ ಇದೇ ಗೆರೆ ಹಿಡಿದು ಸಾಗಿದೆ. ಈಚಲಿನಿಂದ ಹೆಂಡ ಬಂತು, ಕಬ್ಬಿನಿಂದ ಸಾರಾಯಿ, ಆಮೇಲೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಸ್ಪಿರಿಟ್ಟು, ವಿಸ್ಕಿ. ಕುಡಿದ ಮರುದಿನ ಬೆಳಿಗ್ಗೆ ಕಾಡುವ ತಲೆಸಿಡಿತ, ವಾಕರಿಕೆ, ಬಾಯಾರಿಕೆ, ಕೈನಡುಕಗಳನ್ನು ನಾವು ಸಾಮಾನ್ಯವಾಗಿ ಕುಡಿದವನ ಗುಣದ ಮೇಲೋ ಮಾರಿದವನ ಕಲಬೆರಕೆಯ ಮೇಲೋ ಹೊರಿಸುತ್ತೇವೆ. ದೇಹದ ವಿಜ್ಞಾನ ಮತ್ತು ಈ ಸೀಮೆಯ ಚರಿತ್ರೆ ಎರಡನ್ನೂ ಜೊತೆಗಿಟ್ಟು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಆ ಬೇನೆಯ ಮುಖ್ಯ ಕಾರಣ ಒಂದು ರಾತ್ರಿಯಲ್ಲಿ ಒಳಗೆ ಹೋದ ಆಲ್ಕೋಹಾಲಿನ ಪ್ರಮಾಣ ಮತ್ತು ಅದು ಹೋದ ವೇಗ. ಇವೆರಡನ್ನೂ ಏರಿಸುತ್ತ ಬಂದದ್ದು ಬೆಳೆ, ಭಟ್ಟಿ ಮತ್ತು ಅಬಕಾರಿ.

ಹೆಂಡದಿಂದಲೇ ಶುರುಮಾಡಬೇಕು. ಈಡಿಗರು ಈಚಲ ಮರದ ನೆತ್ತಿಯ ಬಳಿ ಕೆತ್ತಿ ಮಡಕೆ ಕಟ್ಟಿ ಇಳಿಸುವ ರಸ ಮೊದಲಿಗೆ ಸಿಹಿಯಾದ ನೀರಾ. ಮಡಕೆಗೆ ಸುಣ್ಣ ಬಳಿದರೆ ಅದು ಸಿಹಿಯಾಗಿಯೇ ಉಳಿಯುತ್ತದೆ, ಬಳಿಯದಿದ್ದರೆ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟು ಮತ್ತು ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಅದನ್ನು ಹುಳಿಸಿ ಹೆಂಡ ಮಾಡುತ್ತವೆ. ಹೀಗೆ ತಾನಾಗಿ ಹುದುಗಿದ ಹೆಂಡದಲ್ಲಿ ಆಲ್ಕೋಹಾಲು ಶೇ. 4ರಿಂದ 6ರ ಆಸುಪಾಸು. ಒಂದು ದಿನ ಕಳೆಯುವುದರೊಳಗೆ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಅದು ಕುಡಿಯಲಾಗದಷ್ಟು ಹುಳಿಯಾಗುತ್ತದೆ. ಕೂಡಿಡಲು ಬಾರದು, ದೂರ ಸಾಗಿಸಲು ಬಾರದು, ಕುಡಿಯುವವನ ಹೊಟ್ಟೆಯಲ್ಲಿ ಜಾಗವೂ ಬೇಕು. ಮಿತಿ ಪದಾರ್ಥದೊಳಗೇ ಇತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಹೆಂಡ ಮಾರುವುದು ಅವರ ಕಾಯಕ. ಅಷ್ಟು ಹಿಂದೆಯೇ ಇದು ಹೆಸರಿಟ್ಟು ಗುರುತಿಸುವ ಕಸುಬಾಗಿತ್ತು.

ಈಗ ದೇಹದ ಲೆಕ್ಕ. ಹೊಟ್ಟೆಗೆ ಹೋದ ಆಲ್ಕೋಹಾಲನ್ನು ಯಕೃತ್ತಿನ ಕಿಣ್ವಗಳು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಆಮೇಲೆ ನಿರಪಾಯವಾದ ಅಸಿಟೇಟ್ ಆಗಿ ಒಡೆಯುತ್ತವೆ. ಈ ಕೆಲಸದ ವೇಗವನ್ನು ಹೆಚ್ಚಿಸಲು ಆಗುವುದಿಲ್ಲ. ಸಾಮಾನ್ಯ ವಯಸ್ಕನ ಯಕೃತ್ತು ಗಂಟೆಗೆ ಸುಮಾರು 7–8 ಗ್ರಾಂ ಆಲ್ಕೋಹಾಲನ್ನಷ್ಟೇ ವಿಲೇವಾರಿ ಮಾಡಬಲ್ಲದು. ಅಸಿಟಾಲ್ಡಿಹೈಡೇ ಮರುದಿನದ ಬೇನೆಗೆ ಪೂರ್ತಿ ಹೊಣೆ ಎಂದು ಬಹುಕಾಲ ನಂಬಿದ್ದರು. ಆದರೆ ಬೇನೆ ತಾರಕಕ್ಕೇರುವುದು ರಕ್ತದಲ್ಲಿ ಆಲ್ಕೋಹಾಲು ಸೊನ್ನೆಯ ಹತ್ತಿರ ಬಂದಾಗ, ಆ ಹೊತ್ತಿಗೆ ಅಸಿಟಾಲ್ಡಿಹೈಡ್ ಕೂಡ ಬಹುಪಾಲು ಹೋಗಿರುತ್ತದೆ. ಹಾಗಾಗಿ ಅದು ಬಿಟ್ಟುಹೋದ ಪೆಟ್ಟು ಎಷ್ಟು, ಉಳಿದವುಗಳ ಪಾಲು ಎಷ್ಟು ಎಂಬುದು ಇನ್ನೂ ಚರ್ಚೆಯಲ್ಲಿದೆ. ಉಳಿದವುಗಳಾದರೂ ಕಡಿಮೆಯೇನಲ್ಲ. ಮೂತ್ರವನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ಆಲ್ಕೋಹಾಲು ತಡೆಯುತ್ತದೆ. 50 ಗ್ರಾಂ ಆಲ್ಕೋಹಾಲನ್ನು ಕಾಲು ಲೀಟರ್ ನೀರಿನಲ್ಲಿ ಕುಡಿದರೆ ಮುಂದಿನ ಕೆಲವು ಗಂಟೆಗಳಲ್ಲಿ ದೇಹದಿಂದ 600ರಿಂದ 1,000 ಮಿಲಿಲೀಟರ್‌ವರೆಗೆ ನೀರು ಹೊರಹೋಗುತ್ತದೆ. ಬಾಯಿ ಒಣಗುವುದು ಅದಕ್ಕೆ. ಜಠರದ ಒಳಪೊರೆ ಕೆರಳಿ ಆಮ್ಲ ಹೆಚ್ಚುತ್ತದೆ, ವಾಕರಿಕೆ ಅದರದು. ಯಕೃತ್ತು ಆಲ್ಕೋಹಾಲು ಒಡೆಯುವುದರಲ್ಲೇ ಮುಳುಗಿರುವುದರಿಂದ ಹೊಸ ಗ್ಲೂಕೋಸ್ ತಯಾರಿಕೆ ತಗ್ಗುತ್ತದೆ. ಉಣ್ಣದೆ ಕುಡಿದವನಿಗೆ ಬೆಳಿಗ್ಗೆ ಸುಸ್ತು, ಬೆವರು, ನಡುಕ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ. ಸೋಂಕು ತಗುಲಿದಾಗ ಏರುವ, ಉರಿಯೂತ ಹುಟ್ಟಿಸುವ ಸೈಟೋಕೈನ್‌ಗಳು ಕುಡಿದ ಮರುದಿನವೂ ಏರಿರುವುದನ್ನು ಅಳೆದು ನೋಡಿದ್ದಾರೆ, ಮೈಕೈನೋವು ಜ್ವರದ ಮೈಕೈನೋವಿನಂತೆಯೇ ಇರುವುದು ಇದರಿಂದ. ಎಲ್ಲಕ್ಕಿಂತ ಕಡಿಮೆ ಮಾತಾಗುವ ಕಾರಣ ನಿದ್ರೆಯದು. ರಾತ್ರಿಯಿಡೀ ಮದ್ಯ ಅದುಮಿಟ್ಟಿದ್ದ ಮಿದುಳಿನ ಉದ್ರೇಕ ವ್ಯವಸ್ಥೆ ಅಮಲು ಇಳಿಯುತ್ತಿದ್ದಂತೆ ಎದ್ದು ನಿಲ್ಲುತ್ತದೆ. ಮೂರು ಗಂಟೆಗೇ ಎಚ್ಚರ, ಎದೆಬಡಿತ, ಬೆಳಕು ಕಂಡರಾಗದು, ಸದ್ದು ಕೇಳಿದರಾಗದು.

ಇದು ಆಧುನಿಕರಷ್ಟೇ ಕಂಡ ಸತ್ಯವಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಪಾನದೋಷಗಳಿಗೇ ಒಂದು ಅಧ್ಯಾಯವಿದೆ. ಅಲ್ಲಿ ಪಾನಾತ್ಯಯ, ಪರಮದ, ಪಾನಾಜೀರ್ಣ, ಪಾನವಿಭ್ರಮ ಎಂದು ನಾಲ್ಕು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಪರಮದದ ಲಕ್ಷಣಗಳಲ್ಲಿ ಮೈಭಾರ, ಬಾಯಾರಿಕೆ, ತಲೆನೋವು, ಸಂದುನೋವು, ಅರುಚಿ ಎಲ್ಲವೂ ಇವೆ. ಅಮಲಿನ ಸ್ಥಿತಿ ಬೇರೆ, ಅದರ ನಂತರದ ಬೇನೆ ಬೇರೆ ಎಂದು ಬಿಡಿಸಿ ನೋಡಿದ ಆ ಕಣ್ಣು ನಿಜಕ್ಕೂ ಮೆಚ್ಚಬೇಕಾದದ್ದು.

ಇನ್ನು ಸಾರಾಯಿಯ ಮಾತು. ಕಬ್ಬು ಈ ಸೀಮೆಯಲ್ಲಿ ಮೊದಲಿನಿಂದಲೂ ಇತ್ತು, ಚಿಕ್ಕದೇವರಾಜ ಒಡೆಯರ ಕಾಲದ ಕಾಲುವೆಗಳ ಕೆಳಗಂತೂ ಇದ್ದೇ ಇತ್ತು. ಬೆಲ್ಲದ ನೀರಿಗೆ ಬಿಳಿಜಾಲಿಯ ಪಟ್ಟೆ ಹಾಕಿ ಹುದುಗಿಸಿ ಬಟ್ಟಿ ಇಳಿಸುವ ವಿದ್ಯೆಯೂ ಹಳೆಯದು. ಆ ತೊಗಟೆಯ ಒಗರು ಹುದುಗುವ ನೀರಿನಲ್ಲಿನ ಬೇಡದ ಅಂಶಗಳನ್ನು ತಳಕ್ಕಿಳಿಸುತ್ತಿತ್ತು. ಆದರೆ ಮದ್ಯದ ಮೇಲೆ ರಾಜ್ಯದ ಕೈ ಎಷ್ಟು ಬಲವಾಗಿ ಬೀಳಬಹುದು ಎಂಬುದನ್ನು ತೋರಿಸಿದವನು ಟಿಪ್ಪು. ಬೊಕ್ಕಸಕ್ಕೆ ಬರುವ ಹಣ ಹೋದರೂ ಸರಿ, ಮದ್ಯ ಪೂರ್ತಿ ನಿಲ್ಲಬೇಕು ಎಂದು 1787ರಲ್ಲಿ ತನ್ನ ಮಂತ್ರಿ ಮೀರ್ ಸಾದಿಕ್‌ಗೆ ಬರೆದ. ಹೆಂಡದ ಮರಗಳನ್ನು ಕಡಿಸಲು ಆಜ್ಞೆ ಹೊರಡಿಸಿದ. ವಿನಾಯಿತಿ ಸಿಕ್ಕಿದ್ದು ಅವನ ಫ್ರೆಂಚ್ ಸೈನಿಕರಿಗೆ. ಫ್ರೆಂಚರು ಬೀಡುಬಿಟ್ಟಿದ್ದ ಹಿರೋಡೆಯ ಬಂಡೆಗಳ ಆಸುಪಾಸಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ನಿಂತಿತು, ಅದೇ ಇಂದಿನ ಪಾಂಡವಪುರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದ ಈಸ್ಟ್ ಇಂಡಿಯಾ ಕಂಪನಿಯ ದಂಡಿನಲ್ಲಿ ಯುರೋಪಿಯನ್ ಸಿಪಾಯಿಗೆ ದಿನದ ಪಡಿಯಲ್ಲೇ ಸಾರಾಯಿ ಸೇರಿತ್ತು. ಮಲೇರಿಯಾಕ್ಕೆ ಸೋತ ಆ ದಂಡು 1809ರಲ್ಲಿ ಬೆಂಗಳೂರಿಗೆ ಹೋಯಿತು, ಆದರೆ ಬಟ್ಟಿ ಇಳಿಸಿದ ಮದ್ಯ ಸರ್ಕಾರದ ಲೆಕ್ಕಪುಸ್ತಕದ ಸ್ಥಿರ ಬಾಬ್ತಾಗಿ ಉಳಿಯಿತು. ಈ ತಿರುವನ್ನು ಚರಿತ್ರೆ ಬರೆಯುವವರು ಬೇಗ ದಾಟಿಬಿಡುತ್ತಾರೆ. ದಿನದೊಳಗೆ ಹುಳಿಯಾಗುವ ಹೆಂಡಕ್ಕಿಂತ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡಬಹುದಾದ ಸಾರಾಯಿಯನ್ನು ಅಳೆಯುವುದು, ಮುದ್ರೆ ಹಾಕುವುದು, ತೆರಿಗೆ ಹೇರುವುದು ಎಷ್ಟೋ ಸುಲಭ. ತೆರಿಗೆಗೆ ಅನುಕೂಲವಾದದ್ದೇ ಯಕೃತ್ತಿಗೆ ಕಷ್ಟದ್ದಾಯಿತು.

1847ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರ ಬೆಲ್ಲವನ್ನು ಶುದ್ಧಮಾಡಿದ ಅದರ ಸಕ್ಕರೆ 1851ರ ಲಂಡನ್ ಪ್ರದರ್ಶನದಲ್ಲಿ ಬಹುಮಾನ ಪಡೆಯಿತು. ನಿಜವಾದ ಬದಲಾವಣೆ ಬಂದದ್ದು ಕನ್ನಂಬಾಡಿ ಕಟ್ಟೆಯ ನೀರಿನೊಂದಿಗೆ. ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಳೆ ನಂಬಿದ ಬಯಲನ್ನು ಕಬ್ಬಿನ ನೆಲವಾಗಿಸಿತು. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಮುಂದಾಳತ್ವದಲ್ಲಿ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ಅದರ ಮಗ್ಗುಲಲ್ಲಿ ಡಿಸ್ಟಿಲರಿಯೂ ಬಂತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆಯ ಮಾಕವಳ್ಳಿಯಲ್ಲಿ ಇನ್ನೊಂದು. ಕಬ್ಬು ಅರೆದ ಕಡೆಯಲ್ಲೆಲ್ಲ ಕಾಕಂಬಿ ಉಳಿಯುತ್ತದೆ, ಕಾಕಂಬಿಯಿಂದ ಶೇ. 90ಕ್ಕೂ ಮೀರಿದ ಸ್ಪಿರಿಟ್ ಬರುತ್ತದೆ. ನೀರು ಬೆರೆಸಿದರೆ ಸಾರಾಯಿ. ಬಣ್ಣ, ವಾಸನೆ, ಒಂದಿಷ್ಟು ಮಾಲ್ಟ್ ಸ್ಪಿರಿಟ್ ಸೇರಿದರೆ ಅಗ್ಗದ ವಿಸ್ಕಿ. ಈಗ ಎರಡು ರಾತ್ರಿಗಳನ್ನು ಹೋಲಿಸಿ. ಬಾರಿನಲ್ಲಿ ಸಿಗುವ ಕ್ವಾರ್ಟರು 180 ಮಿಲಿಲೀಟರು, ಶಕ್ತಿ ಶೇ. 42.8, ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲಿದೆ. ಇಷ್ಟೇ ಆಲ್ಕೋಹಾಲು ಶೇ. 5ರ ಹೆಂಡದಿಂದ ಬರಬೇಕಾದರೆ ಒಂದೂವರೆ ಲೀಟರ್ ಕುಡಿಯಬೇಕು, ಅದರ ಜೊತೆಗೆ ಅಷ್ಟು ನೀರೂ ಒಂದಿಷ್ಟು ಸಕ್ಕರೆಯೂ ಒಳಗೆ ಹೋಗುತ್ತವೆ. ಕ್ವಾರ್ಟರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದನ್ನು ಕರಗಿಸಲು ಯಕೃತ್ತಿಗೆ ಬೇಕಾದದ್ದು ಎಂಟು ಗಂಟೆ. ರಾತ್ರಿ ಒಂಬತ್ತಕ್ಕೆ ಕುಡಿದವನಿಗೆ ಬೇನೆ ತಾರಕಕ್ಕೇರುವುದು ಬೆಳಗಿನ ಐದರ ಸುಮಾರಿಗೆ, ಗದ್ದೆಗೆ ನೀರು ಕಟ್ಟಲು ಏಳುವ ಹೊತ್ತಿಗೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಕಲಬೆರಕೆಯದು. ಒಳ್ಳೆ ಮಾಲು ಕುಡಿದರೆ ತಲೆ ನೋಯುವುದಿಲ್ಲ, ಕಚಡಾ ಮಾಲೇ ತೊಂದರೆ ಎನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಮದ್ಯದಲ್ಲಿ ಎಥನಾಲಲ್ಲದೆ ಮೆಥನಾಲು, ಫ್ಯೂಸೆಲ್ ಎಣ್ಣೆಗಳು, ಆಲ್ಡಿಹೈಡುಗಳು ಮುಂತಾದ ಸಹವಸ್ತುಗಳಿರುತ್ತವೆ. 2010ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ 95 ಮಂದಿಗೆ ಬೋರ್ಬನ್ ವಿಸ್ಕಿ, ವೋಡ್ಕಾ ಕೊಟ್ಟು ನೋಡಿದರು. ವೋಡ್ಕಾಗಿಂತ ಬೋರ್ಬನ್‌ನಲ್ಲಿ ಸಹವಸ್ತುಗಳು 37 ಪಟ್ಟು. ಬೋರ್ಬನ್ ಕುಡಿದವರಿಗೆ ಬೇನೆ ಹೆಚ್ಚಾಗಿ ಕಂಡಿತು. ಆದರೆ ಮರುದಿನದ ಗಮನ, ಪ್ರತಿಕ್ರಿಯೆಯ ವೇಗಗಳಲ್ಲಿ ಆದ ಕುಸಿತ ಎರಡೂ ಗುಂಪುಗಳಲ್ಲಿ ಒಂದೇ ಸಮ. ಶುದ್ಧವಾದ ವೋಡ್ಕಾ ಕುಡಿದವರೂ ಬೇನೆಯಿಂದ ಪಾರಾಗಲಿಲ್ಲ. ನಮ್ಮ ಕಾಕಂಬಿ ಸ್ಪಿರಿಟ್ಟಿನ ಮದ್ಯ ಈ ಅಳತೆಯಲ್ಲಿ ವೋಡ್ಕಾದ ಹತ್ತಿರದ್ದು. ಅಂದರೆ ಕಲ್ಮಶ ಬೇನೆಯನ್ನು ಹೆಚ್ಚಿಸಬಲ್ಲದು, ಹುಟ್ಟಿಸುವುದು ಎಥನಾಲೇ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ, 2008ರ ಮೇಯಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳಲ್ಲಿ ನಡೆದ ಕಳ್ಳಭಟ್ಟಿ ದುರಂತಗಳನ್ನು ಈ ವಾದಕ್ಕೆ ಎಳೆಯುವುದು ಸರಿಯಲ್ಲ. ಅಲ್ಲಿ ಜೀವ ತೆಗೆದದ್ದು ಮೆಥನಾಲು. ಬೆಲ್ಲವನ್ನೋ ಕಾಕಂಬಿಯನ್ನೋ ಹುದುಗಿಸಿದರೆ ಮೆಥನಾಲು ಹುಟ್ಟುವುದು ತೀರ ಅತ್ಯಲ್ಪ. ಕೊಲ್ಲುವಷ್ಟು ಮೆಥನಾಲು ಸೇರಬೇಕಾದರೆ ಕಾರ್ಖಾನೆಯ ಬಳಕೆಗೆ ಬಂದದ್ದನ್ನು ಯಾರಾದರೂ ತಂದು ಸುರಿಯಬೇಕು. ಅದು ಅಪರಾಧ, ಮರುದಿನದ ಬೇನೆಯ ದೊಡ್ಡ ರೂಪ ಎಂದು ಅದನ್ನು ಎಣಿಸಿದರೆ ಸತ್ತವರಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇದು ಹೆಂಡವನ್ನು ಹೊಗಳುವ ಹಳಹಳಿಕೆ, ಹೆಂಡ ಕುಡಿದು ಹಾಳಾದ ಮನೆಗಳೆಷ್ಟಿಲ್ಲ ಎಂದು ಕೇಳಬಹುದು. ಇದ್ದವು, ನಿಜ. ಒಂದೂವರೆ ಲೀಟರಲ್ಲ, ಮೂರು ಲೀಟರ್ ಕುಡಿಯುವವರೂ ಇದ್ದರು, ಅವರ ಯಕೃತ್ತಿಗೆ ಹೆಂಡ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಹಲವೆಡೆ ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಎಂಬ ಮಂಪರಿನ ರಾಸಾಯನಿಕ ಬೆರೆಸುವ ದುಷ್ಟತನವೂ ನಡೆದಿದೆ. ಕುಡಿತ ಬೇಡವೆಂದು ಬೀದಿಗಿಳಿದ ಹೆಣ್ಣುಮಕ್ಕಳು ಕಂಡದ್ದು ಹೊಡೆತ, ಸಾಲ, ಉಪವಾಸ. ಅದರ ಮುಂದೆ ಶೇಕಡಾವಾರು ಲೆಕ್ಕ ಇಡುವುದು ಕ್ರೂರವಾಗಿ ಕಾಣಬಹುದು. ಆದರೂ ಲೆಕ್ಕ ಬೇಕು ಎಂದೇ ನಾನು ಹೇಳುತ್ತೇನೆ, ಆ ಮನೆಗಳಿಗಾಗಿಯೇ ಬೇಕು. ಮರುದಿನ ಏಳಲಾಗದವನ ಕೂಲಿ ಹೋಗುತ್ತದೆ, ಆ ಕೂಲಿ ಮನೆಯ ಹಿಟ್ಟು. ಹೆಂಡದಲ್ಲಿ ಆ ಮಿತಿ ದಾಟಲು ಒಂದು ಸಂಜೆಯೆಲ್ಲ ಕುಳಿತು ಕುಡಿಯಬೇಕಿತ್ತು, ಕ್ವಾರ್ಟರಿನಲ್ಲಿ ಅರ್ಧ ಗಂಟೆ ಸಾಕು. ಹಾನಿ ಎರಡರಲ್ಲೂ ಇದೆ, ಹಾನಿಯ ಹತ್ತಿರ ಹೋಗುವ ದಾರಿ ಒಂದರಲ್ಲಿ ಬಹಳ ಚಿಕ್ಕದು.

ಊರಿನ ಮದ್ದುಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ, ರಾಗಿ ಅಂಬಲಿ, ನಿಂಬೆಹಣ್ಣಿನ ಪಾನಕ ಇವು ಕಳೆದುಹೋದ ನೀರು, ಲವಣ, ಗ್ಲೂಕೋಸನ್ನು ತುಂಬುತ್ತವೆ. ಬಾಯಾರಿಕೆ, ನಿಶ್ಶಕ್ತಿ ತಗ್ಗುತ್ತವೆ. ಉರಿಯೂತವನ್ನಾಗಲಿ ಕೆಟ್ಟ ನಿದ್ರೆಯನ್ನಾಗಲಿ ಅವು ಮುಟ್ಟವು. ಹ್ಯಾಂಗೋವರಿಗೆ ಮದ್ದೆಂದು ಪರೀಕ್ಷಿಸಿದ ವಸ್ತುಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ವಿಮರ್ಶೆಯೊಂದು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯಾವುದಕ್ಕೂ ನಂಬುವಂಥ ಪುರಾವೆಯಿಲ್ಲ ಎಂಬುದು ಅದರ ತೀರ್ಮಾನ. ಬೆಳಿಗ್ಗೆ ಎದ್ದು ಇನ್ನೊಂದು ಗುಟುಕು ಹಾಕಿದರೆ ಹಗುರಾಗುತ್ತದೆ ಎಂಬುದು ಮಾತ್ರ ಅನುಭವಕ್ಕೆ ಬರುವ ಮಾತು, ಅದಕ್ಕೆ ಕಾರಣವೂ ಇದೆ. ಯಕೃತ್ತಿನ ಕಿಣ್ವ ಎಥನಾಲು ಸಿಕ್ಕಿದರೆ ಮೆಥನಾಲನ್ನು ಬದಿಗಿಡುತ್ತದೆ; ಹೊಸ ಎಥನಾಲು ಬಂದೊಡನೆ ಅಲ್ಪಸ್ವಲ್ಪ ಮೆಥನಾಲು ಫಾರ್ಮಿಕ್ ಆಮ್ಲವಾಗುವುದು ಮುಂದೆ ಹೋಗುತ್ತದೆ, ಕೆರಳಿದ ಮಿದುಳೂ ಮತ್ತೆ ಮಂಕಾಗುತ್ತದೆ. ಬೇನೆ ಮುಂದಕ್ಕೆ ಹೋಯಿತೇ ಹೊರತು ತೀರಲಿಲ್ಲ. ಚಟ ಗಟ್ಟಿಯಾಗುವುದು ಈ ಬೆಳಗಿನ ಗುಟುಕಿನಲ್ಲೇ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕರಾವಳಿಯನ್ನು ಬಿಟ್ಟು ಉಳಿದೆಡೆ ಹೆಂಡ ಅದಕ್ಕೂ ಕೆಲವು ವರ್ಷ ಮೊದಲೇ ನಿಂತಿತ್ತು. ಸಾರಾಯಿ ಪ್ಯಾಕೆಟಿನ ಜಾಗಕ್ಕೆ ಬಂದದ್ದು 90 ಮಿಲಿಲೀಟರಿನ ಅಗ್ಗದ ವಿಸ್ಕಿ, ಅದೂ ಶೇ. 42.8ರದ್ದೇ. ಕಡಿಮೆ ಶಕ್ತಿಯ ಪಾನೀಯ ಬಡವನ ಕೈಗೆ ಎಟುಕದೆ ಹೋಯಿತು, ಹೆಚ್ಚು ಶಕ್ತಿಯದು ಕಡಿಮೆ ಹಣಕ್ಕೆ ಸಿಕ್ಕಿತು. ಅನಂತರದ ವರ್ಷಗಳಲ್ಲಿ ವಿಸ್ಕಿ, ರಮ್ಮುಗಳ ಹೆಚ್ಚುವರಿ ಸುಂಕವನ್ನು ಘೋಷಿತ ಬೆಲೆಯ ಹಂತಗಳ ಮೇಲೆ ನಿಗದಿ ಮಾಡುತ್ತಿದ್ದರು. ಹೀಗಾಗಿ ಬೆಲೆ ಕಡಿಮೆಯಾದಷ್ಟೂ ಸುಂಕ ಕಡಿಮೆಯಾಯಿತು, ಬಾಟಲಿಯೊಳಗಿನ ಆಲ್ಕೋಹಾಲು ಎಷ್ಟೇ ಇರಲಿ. ಗ್ರಾಂ ಲೆಕ್ಕದಲ್ಲಿ ತೆರಿಗೆ ಹಾಕಿದರೆ ಶೇ. 5ರ ಪಾನೀಯ ಅಗ್ಗವಾಗಿ ಶೇ. 42.8ರದ್ದು ತುಟ್ಟಿಯಾಗುತ್ತದೆ. ಯಕೃತ್ತು ಲೆಕ್ಕ ಹಿಡಿಯುವುದು ಗ್ರಾಮಿನಲ್ಲೇ ಆದ್ದರಿಂದ ಅಬಕಾರಿ ಇಲಾಖೆಯೂ ಗ್ರಾಮಿನಲ್ಲೇ ಹಿಡಿಯಬೇಕೆಂದು ಕೇಳಲು ಮಂಡ್ಯದ ಕಬ್ಬಿನ ಸೀಮೆಗಿಂತ ಹೆಚ್ಚಿನ ಹಕ್ಕು ಬೇರೆ ಯಾವ ಸೀಮೆಗೂ ಇಲ್ಲ.