ಕೆಲ್ಪ್ ಕಾಡುಗಳ ನೀರೊಳಗಿನ ಗಣತಿ: ಕ್ಯಾಲಿಫೋರ್ನಿಯಾ

ಕೆಲ್ಪ್ ತಣ್ಣೀರಿನ ಕಡಲಲ್ಲಿ ಬಂಡೆ ಹಿಡಿದು ಮೇಲ್ಮೈವರೆಗೂ ಬೆಳೆಯುವ ಕಂದು ಪಾಚಿ. ದೈತ್ಯ ಕೆಲ್ಪ್ ಒಳ್ಳೆಯ ಕಾಲದಲ್ಲಿ ದಿನಕ್ಕೆ ಅರ್ಧ ಮೀಟರಿನಷ್ಟು ಬೆಳೆದೀತು; ಚಳಿಗಾಲದ ಒಂದು ಬಿರುಗಾಳಿಗೆ ಬುಡಸಮೇತ ಕಿತ್ತೂ ಹೋದೀತು. ಇಂಥ ಕಾಡಿನಲ್ಲಿ ಮಾಮೂಲಿ ಏರಿಳಿತ ಯಾವುದು, ನಿಜವಾದ ನಾಶ ಯಾವುದು ಎಂದು ಗೊತ್ತಾಗಬೇಕಾದರೆ ಹಲವು ದಶಕಗಳ ಲೆಕ್ಕ ಕೈಯಲ್ಲಿರಬೇಕು.

ಮೊದಲ ಸಮೀಕ್ಷೆ ನಡೆದದ್ದು ಕಾಡನ್ನು ಕಾಯಲಿಕ್ಕಲ್ಲ, ಕೊಯ್ಯಲಿಕ್ಕೆ. ಪೊಟ್ಯಾಷ್ ಗೊಬ್ಬರಕ್ಕೆ ಜರ್ಮನಿಯನ್ನೇ ನೆಚ್ಚಿಕೊಂಡಿದ್ದ ಅಮೆರಿಕ, 1910ರ ದಶಕದಲ್ಲಿ ಪೆಸಿಫಿಕ್ ತೀರದ ಕೆಲ್ಪಿನ ನಕ್ಷೆ ಮಾಡಿಸಿತು. ದೋಣಿಯಲ್ಲಿದ್ದವರಿಗೆ ಕಂಡದ್ದು ಮೇಲಿನ ಹೊದಿಕೆ ಮಾತ್ರ. ಬುಡದಲ್ಲಿ ಏನು ನಡೆಯುತ್ತಿದೆ ಎಂಬುದು ಸ್ಕೂಬಾ ಉಪಕರಣ ಬಳಕೆಗೆ ಬಂದ ಮೇಲೆ, 1950ರ ದಶಕದಲ್ಲಿ ಸಾಗರಜೀವ ವಿಜ್ಞಾನಿ ವೀಲರ್ ನಾರ್ತ್ ಮೊದಲಾದವರು ಮುಳುಗಿ ನೋಡಿದಾಗ ತಿಳಿಯತೊಡಗಿತು. ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳು ಕೆಲ್ಪನ್ನು ಮೇಯುತ್ತ ಬಂಡೆಯನ್ನೇ ಬೋಳು ಮಾಡುತ್ತಿದ್ದವು.

1980ರಲ್ಲಿ ಚಾನೆಲ್ ಐಲೆಂಡ್ಸ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. 1982ರಲ್ಲಿ ಜೀವವಿಜ್ಞಾನಿ ಗ್ಯಾರಿ ಡೇವಿಸ್ ಮುಂದಾಳತ್ವದಲ್ಲಿ ಅಲ್ಲಿ ಕೆಲ್ಪ್ ಕಾಡಿನ ವರ್ಷಾವರ್ಷದ ಗಣತಿ ಶುರುವಾಯಿತು. ಸಮುದ್ರದ ತಳದಲ್ಲಿ 100 ಮೀಟರಿನ ಶಾಶ್ವತ ಸಾಲುಗಳನ್ನು ಗುರುತು ಮಾಡಿ, ಮತ್ತೆ ಮತ್ತೆ ಅದೇ ಸಾಲಿನಲ್ಲಿ ಎಣಿಸುವುದು ಕ್ರಮ. ಅಬಲೋನಿ ಎಂಬ ಚಿಪ್ಪುಜೀವಿಯ ಕುಸಿತ ಈ ಲೆಕ್ಕದಲ್ಲಿ ಎದ್ದು ಕಂಡಿತು. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಅದನ್ನು ಹಿಡಿಯುವುದು ನಿಂತಿತು. ಆಗಲೇ ತೀರ ವಿರಳವಾಗಿದ್ದ ಬಿಳಿ ಅಬಲೋನಿಯ ಪಾಲಿಗೆ ಅದು ತಡವಾದ ಕ್ರಮವೇ.

ಒಂದು ಉದ್ಯಾನದ ಲೆಕ್ಕ ಇಡೀ ತೀರಕ್ಕೆ ಸಾಲದು. 1999ರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ಪಿಸ್ಕೋ ಎಂಬ ಕರಾವಳಿ ಸಂಶೋಧನಾ ಒಕ್ಕೂಟ ಕಟ್ಟಿದವು. ಅದೇ ವರ್ಷದ ಸಾಗರಜೀವ ರಕ್ಷಣಾ ಕಾಯ್ದೆಯಡಿ ರಾಜ್ಯವು 2012ರ ಹೊತ್ತಿಗೆ 124 ರಕ್ಷಿತ ವಲಯಗಳ ಜಾಲವನ್ನು ಪೂರ್ಣಗೊಳಿಸಿತು. ವಲಯದ ಒಳಗನ್ನೂ ಹೊರಗನ್ನೂ ಹೋಲಿಸಬೇಕೆಂದರೆ ಎಲ್ಲರೂ ಒಂದೇ ರೀತಿ ಎಣಿಸಬೇಕು. ಕಷ್ಟವೆಲ್ಲ ಇಲ್ಲೇ. ಪಿಸ್ಕೋ ಮುಳುಗುಗಾರರು 30 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿಯಲ್ಲಿ ಒಂದು ಮೀಟರಿಗಿಂತ ಎತ್ತರದ ದೈತ್ಯ ಕೆಲ್ಪನ್ನು ಲೆಕ್ಕಕ್ಕೆ ಹಿಡಿದು, ತಳದಿಂದ ಒಂದು ಮೀಟರ್ ಮೇಲೆ ಅದರ ದಂಟುಗಳನ್ನು ಎಣಿಸುತ್ತಾರೆ. ಇನ್ನೊಬ್ಬರು ಬುಡದಲ್ಲೇ ಎಣಿಸಿದರೆ ಎರಡು ಅಂಕಿಗಳಿಗೂ ತಾಳೆಯಾಗದು. 2000ದ ದಶಕದ ನಡುವೆ ಬಂದ ರೀಫ್ ಚೆಕ್ ಸಂಸ್ಥೆ ಹವ್ಯಾಸಿ ಮುಳುಗುಗಾರರಿಗೂ ಈ ಬಗೆಯ ತರಬೇತಿ ಕೊಟ್ಟಿತು.

ಈ ಶ್ರಮದ ಬೆಲೆ ಗೊತ್ತಾದದ್ದು ವಿಪತ್ತು ಬಂದಾಗ. 2013ರಿಂದ ರೋಗಕ್ಕೆ ಸಿಕ್ಕ ನಕ್ಷತ್ರಮೀನುಗಳು ಕರಗಿದಂತೆ ಸತ್ತವು. ಅರ್ಚಿನ್‌ಗಳನ್ನು ತಿನ್ನುತ್ತಿದ್ದ ಸೂರ್ಯಕಾಂತಿ ನಕ್ಷತ್ರಮೀನು ಕ್ಯಾಲಿಫೋರ್ನಿಯಾದಲ್ಲಿ ಬಹುತೇಕ ಇಲ್ಲವಾಯಿತು. 2014-16ರಲ್ಲಿ ಕಡಲು ಬಿಸಿಯಾಯಿತು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬುಲ್ ಕೆಲ್ಪ್ ಎಂಬ ಇನ್ನೊಂದು ಜಾತಿ ಶೇ. 90ಕ್ಕಿಂತ ಹೆಚ್ಚು ನಾಶವಾಗಿ, ನೇರಳೆ ಅರ್ಚಿನ್‌ಗಳು ಬಂಡೆಗಳನ್ನು ಮುತ್ತಿದವು. ಮೇವಿಲ್ಲದೆ ಕೆಂಪು ಅಬಲೋನಿ ಸೊರಗಿತು. 2018ರಲ್ಲಿ ಅದರ ಹವ್ಯಾಸಿ ಬೇಟೆಯೂ ನಿಂತಿತು.

1984ರಿಂದಲೂ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಲ್ಲಿ ಕೆಲ್ಪಿನ ಹೊದಿಕೆ ದಾಖಲಾಗಿದೆ. ಇಡೀ ತೀರವನ್ನು ಒಟ್ಟಿಗೆ ನೋಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಬಂಡೆಯ ಸಂದಿಯಲ್ಲಿ ಕೂತ ಅರ್ಚಿನ್ ಉಪಗ್ರಹಕ್ಕೆ ಕಾಣದು. ಮೆಂಡೊಸಿನೊ ತೀರದ ನೋಯೊ ಕೊಲ್ಲಿಯಲ್ಲಿ 2020ರಿಂದ ವೃತ್ತಿಪರ ಮುಳುಗುಗಾರರಿಗೆ ಹಣ ಕೊಟ್ಟು ಅರ್ಚಿನ್ ತೆಗೆಸಿದಾಗಲೂ, ಎಷ್ಟು ಉಳಿದಿವೆ ಎಂದು ಕೆಳಗಿಳಿದೇ ಎಣಿಸಬೇಕಾಯಿತು.