ಒಡೆದ ಕಲ್ಲು ಮತ್ತು ಬರಹದ ಅಮಾನತ್

ಕೆಲವು ವರ್ಷಗಳ ಹಿಂದಿನ ಮಾತು. ಜುಮಾ ಖುತ್ಬಾದ ನಡುವೆ, ನಮ್ಮ ಮಸೀದಿಗೆ ಎಂಟುನೂರು ವರ್ಷಗಳ ಇತಿಹಾಸವಿದೆ ಎಂದು ಹೇಳಿಬಿಟ್ಟೆ. ನಮಾಝ್ ಮುಗಿದ ಮೇಲೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಹತ್ತಿರ ಬಂದು, "ಉಸ್ತಾದ್, ಎಂಟುನೂರು ವರ್ಷ ಅಂತ ಎಲ್ಲಿ ಬರೆದಿದೆ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಹಿರಿಯರು ಹೇಳಿದ್ದನ್ನು ಕೇಳಿದ್ದೆ, ಮಿಂಬರ್ ಮೇಲಿಂದ ದಾಟಿಸಿದ್ದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬ ಮನುಷ್ಯ ಸುಳ್ಳುಗಾರನಾಗಲು ಸಾಕು ಎಂಬ ಪ್ರವಾದಿ(ಸ)ರ ಎಚ್ಚರಿಕೆಯನ್ನು ಮಕ್ಕಳಿಗೆ ಕಲಿಸುವವನು ನಾನೇ. ಅಂದು ನನಗೆ ನಾಚಿಕೆಯಾಯಿತು.

ಹಳೆಯ ಶಾಸನಗಳ ಕಾಲವನ್ನು ವಿದ್ವಾಂಸರು ಹೇಗೆ ಗೊತ್ತುಮಾಡುತ್ತಾರೆ ಎಂದು ಆಮೇಲೆ ಓದತೊಡಗಿದೆ. ಆ ಓದಿನಲ್ಲಿ ಸಿಕ್ಕಿದ್ದು ಮಲೇಶ್ಯದ ತೆರೆಂಗಾನು ಕಲ್ಲಿನ ಕಥೆ.

ಮಲಯ ದ್ವೀಪಕಲ್ಪದ ಪೂರ್ವ ಕರಾವಳಿಯಲ್ಲಿ ತೆರೆಂಗಾನು ರಾಜ್ಯವಿದೆ. ಅಲ್ಲಿನ ಕುವಾಲಾ ಬೆರಾಂಗ್ ಎಂಬ ಊರಿನ ಹತ್ತಿರ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಅಕ್ಷರ ಕೆತ್ತಿದ ಒಂದು ಕಲ್ಲು ಜನರ ಗಮನಕ್ಕೆ ಬಂತು. ಅದಕ್ಕೆ ಮೊದಲು ಜನರು ನಮಾಝಿಗೆ ಬಂದಾಗ ಅದರ ಮೇಲೆ ನಿಂತು ಕಾಲು ತೊಳೆಯುತ್ತಿದ್ದರು ಎಂದು ಹೇಳುವುದುಂಟು. ಕಲ್ಲಿನ ನಾಲ್ಕೂ ಮುಖಗಳಲ್ಲಿ ಬರಹವಿದೆ. ಭಾಷೆ ಮಲಯ, ಲಿಪಿ ಅರಬಿ. ಅರಬಿಯಲ್ಲಿಲ್ಲದ ಚ, ಪ, ಗ, ಙ ಮುಂತಾದ ಧ್ವನಿಗಳಿಗೆ ಹೊಸ ಅಕ್ಷರಗಳನ್ನು ಸೇರಿಸಿಕೊಂಡು ಬೆಳೆದ ಈ ಲಿಪಿಗೆ ಜಾವಿ ಎಂದು ಹೆಸರು. ಅರಬಿ ಮಲಯಾಳದ ಕಿತಾಬುಗಳಲ್ಲಿ ಓದಿದ ನಮ್ಮ ಕರಾವಳಿಯವರಿಗೆ ಇಂಥ ಲಿಪಿ ಹೊಸತೇನಲ್ಲ.

ಆ ಕಲ್ಲಿನಲ್ಲಿ ಪ್ರವಾದಿ(ಸ)ರ ಧರ್ಮವನ್ನು ಎತ್ತಿಹಿಡಿಯಬೇಕೆಂಬ ಆಜ್ಞೆಯಿದೆ. ಸಾಲ ಮತ್ತು ವ್ಯಭಿಚಾರದಂಥ ವಿಷಯಗಳ ಬಗ್ಗೆ ಕಾನೂನುಗಳಿವೆ. ಅಲ್ಲಾಹನನ್ನು 'ದೇವತಾ ಮುಲಿಯಾ ರಾಯ' ಎಂದು ಕರೆಯಲಾಗಿದೆ. ಆಜ್ಞೆ ಹೊರಡಿಸಿದವನು ರಾಜ ಮಂಡಲಿಕ. ಕಾಲವನ್ನು ಹೇಳುವಲ್ಲಿ 'ಸಾಸನಕಾಲ' ಎಂಬ ಪದ ಬರುತ್ತದೆ. ದೇವತೆ, ರಾಯ, ಮಾಂಡಲಿಕ, ಶಾಸನ, ಕಾಲ ಎಲ್ಲವೂ ನಾವು ಕನ್ನಡದಲ್ಲಿ ಬಳಸುವ ಪದಗಳೇ. ಸಂಸ್ಕೃತದ ನುಡಿಗಳನ್ನು ಬಿಡದೆಯೇ ಒಂದು ಜನತೆ ಇಸ್ಲಾಮನ್ನು ತನ್ನದಾಗಿಸಿಕೊಂಡದ್ದಕ್ಕೆ ಈ ಕಲ್ಲು ಸಾಕ್ಷಿ.

ಆದರೆ ಕಲ್ಲಿನ ಮೇಲ್ಭಾಗ ಒಡೆದುಹೋಗಿದೆ. ಒಡೆದ ಜಾಗದಲ್ಲೇ ಇಸವಿಯ ಕೊನೆಯ ಪದಗಳಿದ್ದವು. ಶುಕ್ರವಾರ, ರಜಬ್ ತಿಂಗಳು, ಸರತಾನ್ ಅಂದರೆ ಕರ್ಕಾಟಕದ ವರ್ಷ, 'ಏಳುನೂರ ದುವಾ' ಎಂಬಷ್ಟು ಉಳಿದಿದೆ. ದುವಾ ಎಂದರೆ ಎರಡು. ಬರಹ ಅಲ್ಲಿಗೇ ಮುಗಿದಿದ್ದರೆ ಅದು ಹಿಜರಿ 702. ಮುಂದೆ ಹತ್ತು ಎಂಬ ಪದವಿದ್ದರೆ ಏಳುನೂರ ಇಪ್ಪತ್ತರ ಮೇಲಿನ ಯಾವುದೋ ವರ್ಷ. ಹಳೆಯ ಮಲಯದಲ್ಲಿ ಎಂಟಕ್ಕೂ 'ದುವಾ ಲಾಪನ್' ಎನ್ನುತ್ತಿದ್ದರಾದ್ದರಿಂದ ಅದು 789ರವರೆಗೂ ಹೋಗಬಹುದು. ಕ್ರಿಸ್ತಶಕದಲ್ಲಿ ಹೇಳುವುದಾದರೆ 1303ರಿಂದ 1387.

ಈ ಕಲ್ಲಿನ ಓದು ವಿದ್ವಾಂಸರ ಮುಂದೆ ಬಂದದ್ದು 1924ರಲ್ಲಿ, ರಾಯಲ್ ಏಷ್ಯಾಟಿಕ್ ಸೊಸೈಟಿಯ ಮಲಯ ಶಾಖೆಯ ಪತ್ರಿಕೆಯಲ್ಲಿ. 1877ರಲ್ಲಿ ಸಿಂಗಾಪುರದಲ್ಲಿ ಹುಟ್ಟಿದ ಆ ಸಂಘ 1878ರಿಂದ ಪತ್ರಿಕೆ ಹೊರಡಿಸಿತು. ಇಂದಿಗೂ ಅದು ಮಲೇಶ್ಯ ಶಾಖೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಪ್ಯಾಟರ್ಸನ್ ಎಂಬವರು ಶಾಸನದ ಪಾಠವನ್ನು ಪ್ರಕಟಿಸಿದರು. ಬ್ಲಾಗ್ಡೆನ್ ಎಂಬ ಭಾಷಾತಜ್ಞರು ಅದರ ಜೊತೆಗೇ ಒಂದು ಟಿಪ್ಪಣಿ ಬರೆದರು. ಇಸವಿಯ ವಿಷಯದಲ್ಲಿ ತಮಗಿಷ್ಟವಾದ ಒಂದು ವರ್ಷವನ್ನು ಹಿಡಿದು ಅದೇ ಸತ್ಯ ಎಂದು ಸಾರಲಿಲ್ಲ. ಕಲ್ಲು ಎಲ್ಲಿ ಒಡೆದಿದೆಯೋ ಅಲ್ಲಿ ಓದೂ ನಿಂತಿತು. ಸಾಧ್ಯವಿರುವ ವರ್ಷಗಳು ಓದುಗರ ಮುಂದೆ ಉಳಿದವು.

ಸುಮಾರು ಅರ್ಧ ಶತಮಾನದ ನಂತರ, 1970ರ ದಶಕದ ಆರಂಭದಲ್ಲಿ, ಸೈಯದ್ ಮುಹಮ್ಮದ್ ನಕೀಬ್ ಅಲ್ ಅತ್ತಾಸ್ ಎಂಬ ಮುಸ್ಲಿಂ ವಿದ್ವಾಂಸರು ಇದೇ ಪ್ರಶ್ನೆಯನ್ನು ಎತ್ತಿಕೊಂಡು ಒಂದು ಪುಸ್ತಕವನ್ನೇ ಬರೆದರು. ಅವರ ನಿರ್ಣಯ ಹಿಜರಿ 702, ರಜಬ್ 4, ಅಂದರೆ 1303ರ ಫೆಬ್ರವರಿ 22. ಲೆಕ್ಕ ಹಾಕಿ ನೋಡಿದರೆ ಆ ದಿನ ಶುಕ್ರವಾರವೇ ಬರುತ್ತದೆ. ಮಲೇಶ್ಯದಲ್ಲಿ ಇಂದು ಸಾಮಾನ್ಯವಾಗಿ ಹೇಳುವುದು ಈ ತಾರೀಖನ್ನೇ. 1400ರ ಸುಮಾರಿಗೆ ಮಲಾಕಾ ರಾಜ್ಯ ತಲೆಯೆತ್ತುವುದಕ್ಕೆ ಬಹಳ ಮೊದಲೇ ಆ ಕರಾವಳಿಯಲ್ಲಿ ಇಸ್ಲಾಮೀ ಕಾನೂನು ಜಾರಿಯಲ್ಲಿತ್ತು ಎಂಬುದು ಇದರಿಂದ ತಿಳಿಯುತ್ತದೆ. 2009ರಲ್ಲಿ ಯುನೆಸ್ಕೋ ಈ ಕಲ್ಲನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ಮೊದಲು ಬರೆದವರು ಖಾಲಿ ಜಾಗವನ್ನು ಖಾಲಿಯಾಗಿಯೇ ತೋರಿಸಿದ್ದರಿಂದ ನಂತರ ಬಂದವರಿಗೆ ಕೆಲಸ ಮಾಡಲು ದಾರಿ ಉಳಿಯಿತು. ಊಹೆಯಿಂದ ಅದನ್ನು ತುಂಬಿಬಿಟ್ಟಿದ್ದರೆ ಆ ಊಹೆಯೇ ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಇತಿಹಾಸವಾಗಿಬಿಡುತ್ತಿತ್ತು, ನನ್ನ ಎಂಟುನೂರು ವರ್ಷದ ಹಾಗೆ.

ಇಂದು ಮಲಯ ಅಧ್ಯಯನದ ಪತ್ರಿಕೆಗೆ ಇಂಥ ಲೇಖನ ಕಳಿಸುವವರಿಗೂ ಇದೇ ಶಿಸ್ತು. ಜಾವಿಯಲ್ಲಿ ಸ್ವರಗಳನ್ನು ಹೆಚ್ಚಾಗಿ ಬರೆಯುವುದಿಲ್ಲ. ಹರಕತ್ ಇಲ್ಲದ ಅರಬಿ ಓದಿದವರಿಗೆ ಅದರ ಕಷ್ಟ ಗೊತ್ತು. ಒಂದೇ ಪದವನ್ನು ಎರಡು ಮೂರು ರೀತಿ ಓದಬಹುದು. ಆದ್ದರಿಂದ ಅದನ್ನು ರೋಮನ್ ಲಿಪಿಗೆ ಇಳಿಸುವಾಗ ಒಂದೇ ಪದ್ಧತಿಯನ್ನು ಕೊನೆಯವರೆಗೆ ಪಾಲಿಸಬೇಕು. ಅಳಿಸಿಹೋದ ಅಕ್ಷರವನ್ನು ತಾನು ಊಹಿಸಿದ್ದರೆ ಅದನ್ನು ಆವರಣದೊಳಗೆ ಗುರುತಿಸಬೇಕು. ಹಸ್ತಪ್ರತಿ ಯಾವ ಗ್ರಂಥಾಲಯದಲ್ಲಿದೆ, ಅದರ ಕ್ರಮಾಂಕವೇನು ಎಂದು ತಿಳಿಸಬೇಕು. ಇತರರಿಂದ ಪಡೆದ ಮಾತಿಗೆ ಅವರ ಹೆಸರು ಹೇಳಬೇಕು. ಲೇಖನವನ್ನು ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕೊಡಬೇಕು. ಅನೇಕ ಪತ್ರಿಕೆಗಳು ಲೇಖಕನ ಹೆಸರು ತೆಗೆದು ಅದನ್ನು ಆ ವಿಷಯ ಬಲ್ಲವರಿಗೆ ಕಳಿಸುತ್ತವೆ. ಬರೆದವನು ಪ್ರೊಫೆಸರನೋ ವಿದ್ಯಾರ್ಥಿಯೋ ಎಂದು ಪರೀಕ್ಷಿಸುವವನಿಗೆ ತಿಳಿಯುವುದಿಲ್ಲ. ಅವರು ತೋರಿಸಿದ ತಪ್ಪನ್ನು ತಿದ್ದಿದ ಮೇಲೆಯೇ ಅಚ್ಚಿಗೆ ಹೋಗುತ್ತದೆ.

ಹದೀಸ್ ವಿದ್ವಾಂಸರ ದಾರಿಯನ್ನು ಬಲ್ಲವರಿಗೆ ಇದರಲ್ಲಿ ಪರಿಚಿತವಾದದ್ದು ಬಹಳ ಕಾಣುತ್ತದೆ. ಯಾರಿಂದ ಕೇಳಿದೆ ಎಂದು ಅವರು ಸನದ್ ಕೇಳಿದರು. ನಕಲು ಮಾಡಿದ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ನೋಡದೆ ಬರಹ ಪೂರ್ಣವಾಯಿತು ಎಂದು ಒಪ್ಪಲಿಲ್ಲ. ಸುದ್ದಿ ಬಂದರೆ ವಿಚಾರಿಸಿ ನೋಡಿರಿ ಎಂದು ಸೂರಃ ಅಲ್ ಹುಜುರಾತ್ ನಮಗೆ ಆಜ್ಞಾಪಿಸಿದೆ. ಆ ಆಜ್ಞೆ ವಾಟ್ಸಾಪ್ ಸುದ್ದಿಗೆ ಅನ್ವಯಿಸುವಂತೆಯೇ ನಮ್ಮ ಮಸೀದಿಯ ಇತಿಹಾಸಕ್ಕೂ ಅನ್ವಯಿಸುತ್ತದೆ.

ಮತ್ತೊಂದು ಶುಕ್ರವಾರ ನಾನು ಜಮಾಅತಿನ ಮುಂದೆ, "ಎಂಟುನೂರು ವರ್ಷ ಎಂದದ್ದಕ್ಕೆ ನನ್ನಲ್ಲಿ ಆಧಾರವಿಲ್ಲ" ಎಂದು ಹೇಳಿದೆ. ಕೆಲವು ಹಿರಿಯರಿಗೆ ಬೇಸರವಾಯಿತು. ಆದರೆ ಆ ಹುಡುಗ ಮತ್ತು ಅವನ ಗೆಳೆಯರು ಕಬರಸ್ಥಾನದ ಹಳೆಯ ಮೀಸಾನ್ ಕಲ್ಲುಗಳ ಫೋಟೋ ತೆಗೆಯಲು ಮುಂದೆ ಬಂದರು. ಓದಲು ಬಂದದ್ದನ್ನು ಬರೆದುಕೊಂಡೆವು. ಅಳಿಸಿಹೋದಲ್ಲಿ 'ಓದಲಾಗಲಿಲ್ಲ' ಎಂದು ಬರೆದೆವು.

ನಿಮ್ಮ ಮಸೀದಿಯ ಅಂಗಳದಲ್ಲೂ ಅಕ್ಷರವಿರುವ ಕಲ್ಲು ಇರಬಹುದು, ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿರುವ ಕಿತಾಬ್ ಇರಬಹುದು, ವಕ್ಫ್ ಕಾಗದ ಇರಬಹುದು. ಮಸೀದಿಗೆ ಬಣ್ಣ ಹೊಡೆಸುವ ಮೊದಲು, ಹೊಸ ಟೈಲ್ಸ್ ಹಾಕಿಸುವ ಮೊದಲು, ಕಾಲ ಕೆಳಗಿರುವುದನ್ನು ಒಮ್ಮೆ ನೋಡಿರಿ. ಕಂಡಷ್ಟನ್ನೇ ಬರೆಯಿರಿ. ಅಲ್ಲಾಹನು ನಮ್ಮ ನಾಲಗೆಯನ್ನೂ ಲೇಖನಿಯನ್ನೂ ಸತ್ಯದ ಮೇಲೆ ನಿಲ್ಲಿಸಲಿ. ಆಮೀನ್.