ಬಿಡಿಗಾಸೆಂಬ ಹೆಸರಿನ ಆಟಗಾರ

ಬ್ರೆಜಿಲ್ ದೇಶದ ಫುಟ್‌ಬಾಲ್ ಎಂದೊಡನೆ ನಮ್ಮವರ ಬಾಯಿಗೆ ಮೊದಲು ಬರುವ ಹೆಸರು ಪೆಲೆ. ಅದು ಸಹಜವೇ. ಆದರೆ ಹೆಮ್ಮರದ ಪಕ್ಕದಲ್ಲಿ ಬೆಳೆದ ಮರದ ಎತ್ತರ ದೂರದಿಂದ ನೋಡುವವರಿಗೆ ತಿಳಿಯುವುದಿಲ್ಲ. 1970ರ ವಿಶ್ವಕಪ್ ಗೆದ್ದ ತಂಡದಲ್ಲಿ ಪೆಲೆಯ ಮುಂದೆ, ಒಂಬತ್ತನೆಯ ಸಂಖ್ಯೆಯ ಅಂಗಿ ತೊಟ್ಟು ಆಡಿದ ಟೋಸ್ಟಾವೊ ಅಂಥವರು. ಇಪ್ಪತ್ತಾರನೆಯ ವಯಸ್ಸಿಗೇ ಆಟ ಬಿಡಬೇಕಾಗಿ ಬಂದ ಈ ಮನುಷ್ಯ ಆಮೇಲೆ ಏನಾದರು ಎಂಬುದು, ನನ್ನ ಮಟ್ಟಿಗೆ, ಅವರು ಹೊಡೆದ ಗೋಲುಗಳಷ್ಟೇ ಮುಖ್ಯವಾದ ಚರಿತ್ರೆ. ಆದ್ದರಿಂದ ಆಟದ ಗಂಧವಿಲ್ಲದವರೂ ದಯವಿಟ್ಟು ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

1947ರ ಜನವರಿ 25ರಂದು ಮಿನಾಸ್ ಜೆರೈಸ್ ರಾಜ್ಯದ ರಾಜಧಾನಿ ಬೆಲೊ ಹೊರಿಜಾಂಟಿ ನಗರದಲ್ಲಿ ಅವರು ಹುಟ್ಟಿದರು. ತಂದೆತಾಯಿಗಳು ಇಟ್ಟ ಹೆಸರು ಎಡ್ವಾರ್ಡೊ ಗೊನ್ಸಾಲ್ವೆಸ್ ಡಿ ಆಂಡ್ರಾಡೆ. ತನಗಿಂತ ದೊಡ್ಡ ಹುಡುಗರ ನಡುವೆ ಚೆಂಡಾಡುತ್ತಿದ್ದ ಈ ಪುಟ್ಟ ಬಾಲಕನಿಗೆ ಟೋಸ್ಟಾವೊ ಎಂಬ ಅಡ್ಡಹೆಸರು ಅಂಟಿಕೊಂಡಿತು. ಪೋರ್ಚುಗೀಸ್ ಭಾಷೆಯಲ್ಲಿ ಅದು ಅಲ್ಪ ಬೆಲೆಯ ಒಂದು ನಾಣ್ಯದ ಹೆಸರು. ನಾವು ಬಿಡಿಗಾಸು ಎನ್ನುವಂತೆ. ಆ ಬಿಡಿಗಾಸು ಮುಂದೆ ಎಷ್ಟು ಬೆಲೆಬಾಳುವುದೆಂದು ಯಾರಿಗೆ ತಾನೆ ಗೊತ್ತಿತ್ತು?

1963ರಲ್ಲಿ, ಹದಿನಾರರ ಹರೆಯದಲ್ಲಿ, ಅವರು ಅದೇ ನಗರದ ಕ್ರುಜೇರೊ ಕ್ಲಬ್ಬನ್ನು ಸೇರಿದರು. ಆ ಕಾಲದಲ್ಲಿ ಬ್ರೆಜಿಲ್ ಫುಟ್‌ಬಾಲ್ ಎಂದರೆ ರಿಯೊ ಮತ್ತು ಸಾವೊ ಪಾಲೊ ಎಂಬ ಎರಡು ಕಡೆಯ ಕ್ಲಬ್ಬುಗಳದೇ ಕಾರುಬಾರು. ಒಳನಾಡಿನ ಮಿನಾಸ್ ಪ್ರಾಂತ್ಯದ ತಂಡಗಳನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. 1965ರಲ್ಲಿ ಬೆಲೊ ಹೊರಿಜಾಂಟಿಯಲ್ಲಿ ಮಿನೆರಾವೊ ಎಂಬ ಬೃಹತ್ ಕ್ರೀಡಾಂಗಣ ತೆರೆಯಿತು. ಅಂಗಳವೇನೋ ಸಿದ್ಧವಾಯಿತು, ಅದಕ್ಕೆ ತಕ್ಕ ಆಟವನ್ನು ಟೋಸ್ಟಾವೊ ಮತ್ತು ಅವರ ಜೊತೆಗಾರ ಡಿರ್ಸ್ಯೂ ಲೋಪೆಸ್ ತಂದರು.

1966ರಲ್ಲಿ ಹತ್ತೊಂಬತ್ತು ವರ್ಷದ ಟೋಸ್ಟಾವೊ ಇಂಗ್ಲೆಂಡಿನ ವಿಶ್ವಕಪ್ಪಿಗೆ ಹೋದರು. ಗಾಯಗೊಂಡ ಪೆಲೆ ಹಂಗರಿಯ ವಿರುದ್ಧ ಆಡಲಿಲ್ಲ. ಆ ಪಂದ್ಯದಲ್ಲಿ ಬ್ರೆಜಿಲ್ 1–3ರಿಂದ ಸೋತಿತು; ಆ ಒಂದು ಗೋಲು ಟೋಸ್ಟಾವೊ ಅವರದು. ಎರಡು ಬಾರಿಯ ಚಾಂಪಿಯನ್ನರು ಮೊದಲ ಸುತ್ತಿನಲ್ಲೇ ಮನೆಗೆ ಮರಳಿದರು. ಅದೇ ವರ್ಷದ ಕೊನೆಯಲ್ಲಿ, ದೇಶದ ಕ್ಲಬ್ ತಂಡಗಳ ಟಾಸಾ ಬ್ರಸಿಲ್ ಟೂರ್ನಿಯ ಅಂತಿಮ ಹಂತದಲ್ಲಿ, ಕ್ರುಜೇರೊ ಪೆಲೆಯ ಸ್ಯಾಂಟೋಸ್ ತಂಡಕ್ಕೆ ಎದುರಾಯಿತು. ಸ್ಯಾಂಟೋಸ್ ಸತತ ಐದು ವರ್ಷ ಆ ಪ್ರಶಸ್ತಿಯನ್ನು ಗೆದ್ದಿದ್ದ ತಂಡ. ಮಿನೆರಾವೊದಲ್ಲಿ ನಡೆದ ಮೊದಲ ಪಂದ್ಯದ ವಿರಾಮದ ವೇಳೆಗೇ ಕ್ರುಜೇರೊ ಐದು ಗೋಲು ಹೊಡೆದಿತ್ತು, ಕೊನೆಗೆ 6–2. ಸಾವೊ ಪಾಲೊದ ಎರಡನೆಯ ಪಂದ್ಯದಲ್ಲಿ ಸ್ಯಾಂಟೋಸ್ 2–0ರಿಂದ ಮುಂದಿತ್ತು. ಟೋಸ್ಟಾವೊ ಒಂದು ಪೆನಾಲ್ಟಿಯನ್ನು ಕಳೆದುಕೊಂಡರು. ಎದೆಗುಂದದೆ ಆಮೇಲೆ ಫ್ರೀ ಕಿಕ್ಕಿನಿಂದ ಗೋಲು ಹೊಡೆದರು. ಕ್ರುಜೇರೊ 3–2ರಿಂದ ಗೆದ್ದಿತು. ಮರುವರ್ಷವೇ ರಿಯೊ–ಸಾವೊ ಪಾಲೊ ಪಂದ್ಯಾವಳಿಯ ಬಾಗಿಲು ಮಿನಾಸ್ ಮುಂತಾದ ಇತರ ರಾಜ್ಯಗಳ ತಂಡಗಳಿಗೂ ತೆರೆಯಿತು.

1969 ಅವರ ಬಾಳಿನಲ್ಲಿ ಏರಿಳಿತಗಳೆರಡನ್ನೂ ತೋರಿಸಿದ ವರ್ಷ. ಜೊವಾವೊ ಸಾಲ್ಡಾನ್ಯಾ ಎಂಬ ಪತ್ರಕರ್ತ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದರು. ವಿಶ್ವಕಪ್ ಅರ್ಹತಾ ಸುತ್ತಿನ ಆರು ಪಂದ್ಯಗಳನ್ನೂ ಬ್ರೆಜಿಲ್ ಗೆದ್ದಿತು. ಟೋಸ್ಟಾವೊ ಒಬ್ಬರೇ ಹತ್ತು ಗೋಲು ಹೊಡೆದರು. ಅದರ ಬೆನ್ನಿಗೇ, ಸೆಪ್ಟೆಂಬರಿನಲ್ಲಿ, ಕೊರಿಂಥಿಯನ್ಸ್ ವಿರುದ್ಧದ ಪಂದ್ಯದಲ್ಲಿ ಎದುರಾಳಿ ಬಲವಾಗಿ ಒದ್ದ ಚೆಂಡು ತೀರ ಹತ್ತಿರದಿಂದ ಅವರ ಎಡಗಣ್ಣಿಗೆ ಬಡಿಯಿತು. ಯಾರ ತಪ್ಪೂ ಅಲ್ಲ. ಆದರೆ ಕಣ್ಣಿನ ಅಕ್ಷಿಪಟಲ, ಅಂದರೆ ರೆಟಿನಾ, ಕಳಚಿಕೊಂಡಿತು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬ್ರೆಜಿಲ್ ಮೂಲದ ವೈದ್ಯರೊಬ್ಬರು ಶಸ್ತ್ರಚಿಕಿತ್ಸೆ ಮಾಡಿದರು. ತಿಂಗಳುಗಟ್ಟಲೆ ಆಟವಿಲ್ಲ, ವಿಶ್ವಕಪ್ಪಿಗೆ ಉಳಿದಿದ್ದುದು ಒಂದು ವರ್ಷಕ್ಕೂ ಕಡಿಮೆ.

ಅಷ್ಟರಲ್ಲಿ ಇನ್ನೊಂದು ತೊಡಕು. ಬ್ರೆಜಿಲ್ ಆಗ ಸೇನಾಡಳಿತದಲ್ಲಿತ್ತು. ಅಧ್ಯಕ್ಷರು ಜನರಲ್ ಮೆಡಿಸಿ. ಸಾಲ್ಡಾನ್ಯಾ ಕಮ್ಯುನಿಸ್ಟರು, ನೇರ ಮಾತಿನವರು. 1970ರ ಮಾರ್ಚಿನಲ್ಲಿ ಅವರನ್ನು ತೆಗೆದು ಮಾರಿಯೊ ಜಗಾಲೊ ಅವರನ್ನು ನೇಮಿಸಲಾಯಿತು. ಪೆಲೆ ಮತ್ತು ಟೋಸ್ಟಾವೊ ಇಬ್ಬರೂ ಒಂದೇ ಬಗೆಯ ಆಟಗಾರರು, ಇಬ್ಬರನ್ನೂ ಒಟ್ಟಿಗೆ ಆಡಿಸುವುದು ಕಷ್ಟ ಎಂಬುದು ಜಗಾಲೊ ಅವರ ಮೊದಲ ಎಣಿಕೆಯಾಗಿತ್ತು. ಆ ತಂಡದ ಐವರು, ಎಂದರೆ ಪೆಲೆ, ಗೆರ್ಸನ್, ರಿವೆಲಿನೊ, ಜೈರ್ಜಿನ್ಯೊ, ಟೋಸ್ಟಾವೊ, ತಂತಮ್ಮ ಕ್ಲಬ್ಬುಗಳಲ್ಲಿ ಆಟವನ್ನು ಹೆಣೆಯುವವರು. ಎಲ್ಲರೂ ಮೇಳದ ಮುಖ್ಯ ಗಾಯಕರೇ ಆದರೆ ಶ್ರುತಿ ಹಿಡಿಯುವವರು ಯಾರು?

ಆ ಹೊಣೆಯನ್ನು ಹೊತ್ತವರು ಟೋಸ್ಟಾವೊ. ಮುಂಪಡೆಯ ನಡುವಿನಲ್ಲಿ ನಿಲ್ಲುವ ಆಟಗಾರನ ಕೆಲಸ ಗೋಲು ಹೊಡೆಯುವುದು ಎಂಬುದು ರೂಢಿ. ಅವರು ಅಲ್ಲಿ ನಿಂತು ಎದುರಾಳಿಯ ಕಾವಲುಗಾರರನ್ನು ತಮ್ಮ ಹಿಂದೆ ಆಚೀಚೆ ಸೆಳೆದೊಯ್ಯುತ್ತಿದ್ದರು. ಅವರು ತೆರವು ಮಾಡಿದ ಜಾಗಕ್ಕೆ ಪೆಲೆಯೋ ಜೈರ್ಜಿನ್ಯೊವೋ ನುಗ್ಗುತ್ತಿದ್ದರು. ಚೆಂಡು ಬಂದರೆ ಒಂದೆರಡು ಸ್ಪರ್ಶದಲ್ಲಿ ಸರಿಯಾದವನ ಕಾಲಿಗೆ ದಾಟಿಸುತ್ತಿದ್ದರು. ನೋಡುವವನ ಕಣ್ಣು ಚೆಂಡಿನ ಮೇಲಿರುತ್ತದೆಯೇ ಹೊರತು, ಚೆಂಡಿಲ್ಲದೆ ಓಡುವವನ ಮೇಲಲ್ಲ. ಈ ಕೆಲಸಕ್ಕೆ ಚಪ್ಪಾಳೆ ಕಡಿಮೆ.

ಮೆಕ್ಸಿಕೊದಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯ ಗೋಲಿಲ್ಲದೆ ಸಾಗುತ್ತಿತ್ತು. ಟೋಸ್ಟಾವೊ ಎಡಬದಿಯಲ್ಲಿ ಕಾವಲುಗಾರರ ಗುಂಪನ್ನು ಭೇದಿಸಿ ಚೆಂಡನ್ನು ಗೋಲಿನೆದುರಿಗೆ ತೇಲಿಸಿದರು. ಪೆಲೆ ಅದನ್ನು ನಿಲ್ಲಿಸಿ ಪಕ್ಕಕ್ಕೆ ಸರಿಸಿದರು, ಜೈರ್ಜಿನ್ಯೊ ಹೊಡೆದರು. ಆ ಪಂದ್ಯದ ಏಕೈಕ ಗೋಲು ಅದು. ಕೆಲವೇ ನಿಮಿಷಗಳ ನಂತರ ಟೋಸ್ಟಾವೊ ಅವರನ್ನು ಹೊರಕ್ಕೆ ಕರೆದು ಬದಲಿ ಆಟಗಾರನನ್ನು ಕಳುಹಿಸಲಾಯಿತು! ಕ್ವಾರ್ಟರ್ ಫೈನಲಿನಲ್ಲಿ ಪೆರು ವಿರುದ್ಧ ಅವರೇ ಎರಡು ಗೋಲು ಹೊಡೆದರು. ಆ ವಿಶ್ವಕಪ್ಪಿನಲ್ಲಿ ಅವರ ಹೆಸರಿನಲ್ಲಿರುವ ಗೋಲುಗಳು ಅವೆರಡೇ. ಸೆಮಿಫೈನಲಿನಲ್ಲಿ ಉರುಗ್ವೆ ಮುಂದಿದ್ದಾಗ ಕ್ಲೊಡೊಆಲ್ಡೊ ಸಮಬಲದ ಗೋಲು ಹೊಡೆದದ್ದು ಟೋಸ್ಟಾವೊ ನೀಡಿದ ಚೆಂಡಿನಿಂದ. ಜೂನ್ 21ರ ಫೈನಲಿನಲ್ಲಿ ಇಟಲಿಯನ್ನು 4–1ರಿಂದ ಸೋಲಿಸಿದಾಗ ಅವರು ಗೋಲು ಹೊಡೆಯಲಿಲ್ಲ. ಆದರೆ ನಾಯಕ ಕಾರ್ಲೋಸ್ ಆಲ್ಬರ್ಟೊ ಹೊಡೆದ, ಇಂದಿಗೂ ಜಗತ್ತು ಮತ್ತೆ ಮತ್ತೆ ನೋಡುವ ನಾಲ್ಕನೆಯ ಗೋಲಿನ ಮೊದಲ ಎಳೆ ಟೋಸ್ಟಾವೊ ಅವರದು. ಪಂದ್ಯದ ಕೊನೆಯ ನಿಮಿಷಗಳಲ್ಲಿ ಮುಂಪಡೆಯ ಆಟಗಾರ ತನ್ನದೇ ಅರ್ಧಕ್ಕೆ ಓಡಿಬಂದು ಚೆಂಡನ್ನು ಕಸಿದುಕೊಂಡಿದ್ದರು. ಕಡೆಯ ಶಿಳ್ಳೆಯಾದ ಮೇಲೆ ಅಂಗಳಕ್ಕೆ ನುಗ್ಗಿದ ಅಭಿಮಾನಿಗಳು ನೆನಪಿಗೆಂದು ಅವರ ಮೈಮೇಲಿನ ಬಟ್ಟೆಯನ್ನೆಲ್ಲ ಕಿತ್ತುಕೊಂಡು ಒಳಚಡ್ಡಿಯಲ್ಲಿ ನಿಲ್ಲಿಸಿಬಿಟ್ಟರು.

1972ರಲ್ಲಿ ದೊಡ್ಡ ಮೊತ್ತಕ್ಕೆ ಅವರು ರಿಯೊದ ವಾಸ್ಕೊ ಡ ಗಾಮ ಕ್ಲಬ್ಬಿಗೆ ಹೋದರು. ಆದರೆ ಕಣ್ಣಿನ ತೊಂದರೆ ಮರುಕಳಿಸಿತು. ಆಡುತ್ತಲೇ ಹೋದರೆ ದೃಷ್ಟಿಯೇ ಹೋದೀತು ಎಂಬ ಭಯವಿತ್ತು. 1973ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವರು ಆಟಕ್ಕೆ ವಿದಾಯ ಹೇಳಿದರು. ಒಬ್ಬ ಮುಂಪಡೆ ಆಟಗಾರನ ಶಕ್ತಿ ಸಂಪೂರ್ಣವಾಗಿ ಅರಳುವ ವಯಸ್ಸು ಅದು. ಆ ವೇಳೆಗಾಗಲೇ ಕ್ರುಜೇರೊ ಪರವಾಗಿ ಇನ್ನೂರ ನಲವತ್ತಕ್ಕೂ ಹೆಚ್ಚು ಗೋಲು ಹೊಡೆದಿದ್ದರು. ಆ ಕ್ಲಬ್ಬಿನ ಚರಿತ್ರೆಯಲ್ಲಿ ಅದನ್ನು ಮೀರಿದವರಿಲ್ಲ.

ಇಲ್ಲಿಂದ ಮುಂದಿನದು ನನಗೆ ಹೆಚ್ಚು ಪ್ರಿಯವಾದ ಅಧ್ಯಾಯ. ವಿಶ್ವಕಪ್ ಗೆದ್ದ ವ್ಯಕ್ತಿ ಮರಳಿ ಪುಸ್ತಕ ಹಿಡಿದರು. ಪ್ರವೇಶ ಪರೀಕ್ಷೆಗೆ ಓದಿ, ಮಿನಾಸ್ ಜೆರೈಸ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ತಮಗಿಂತ ಎಷ್ಟೋ ಕಿರಿಯರಾದವರ ಜೊತೆ ಬೆಂಚಿನಲ್ಲಿ ಕುಳಿತು ವೈದ್ಯಶಾಸ್ತ್ರ ಕಲಿತರು. 1981ರಲ್ಲಿ ಪದವಿ ಪಡೆದರು, ರೋಗಿಗಳನ್ನು ನೋಡಿದರು, ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳಿದರು. ಬ್ರೆಜಿಲ್‌ನ ಇನ್ನೊಬ್ಬ ವೈದ್ಯ-ಆಟಗಾರ ಸಾಕ್ರಟೀಸ್ ಆಡುತ್ತಲೇ ಓದಿದವರು. ಟೋಸ್ಟಾವೊ ಅವರದು ಬೇರೆ ದಾರಿ. ಅವರು ಒಂದು ಬಾಗಿಲನ್ನು ಪೂರ್ತಿಯಾಗಿ ಮುಚ್ಚಿಯೇ ಇನ್ನೊಂದನ್ನು ತೆರೆದರು. ಸುಮಾರು ಎರಡು ದಶಕ ಫುಟ್‌ಬಾಲ್ ಲೋಕದಿಂದ, ಸಂದರ್ಶನಗಳಿಂದ ದೂರವೇ ಉಳಿದರು. ಆಸ್ಪತ್ರೆಯಲ್ಲಿ ಅವರು ಡಾಕ್ಟರ್ ಎಡ್ವಾರ್ಡೊ.

ಇದನ್ನು ಕೆಲವರು ಅಹಂಕಾರವೆಂದುಕೊಂಡರೆ ಆಶ್ಚರ್ಯವಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಕೀರ್ತಿಯನ್ನು ಹೆಗಲಿಗೇರಿಸಿಕೊಂಡು ರೋಗಿಯ ಮುಂದೆ ಕುಳಿತರೆ, ಆತ ತನ್ನ ನೋವನ್ನು ಹೇಳುವುದು ಬಿಟ್ಟು ಮೆಕ್ಸಿಕೊದ ಕತೆ ಕೇಳುತ್ತಾನೆ. ಹೊಸ ವಿದ್ಯೆಗೆ ಸಲ್ಲಬೇಕಾದ ಗೌರವ ಸಲ್ಲಬೇಕಾದರೆ ಹಳೆಯದನ್ನು ಬದಿಗಿಡಲೇಬೇಕು.

1994ರ ವಿಶ್ವಕಪ್ ವೇಳೆಗೆ ಅವರು ದೂರದರ್ಶನದ ವಿಶ್ಲೇಷಕರಾಗಿ ಆಟದ ಬಳಿಗೆ ಮರಳಿದರು. ಆಮೇಲೆ ಪತ್ರಿಕಾ ಅಂಕಣಕಾರರಾಗಿ ದೇಶದಲ್ಲೇ ಹೆಸರಾದರು. ಫೋಲ್ಯಾ ಡಿ ಸಾವೊ ಪಾಲೊ ಪತ್ರಿಕೆಯ ಓದುಗರಿಗೆ ಅವರ ಬರಹ ಚಿರಪರಿಚಿತ. 2014ರಲ್ಲಿ ವಿಶ್ವಕಪ್ ಪಂದ್ಯಾವಳಿ ಬ್ರೆಜಿಲ್‌ನಲ್ಲೇ ನಡೆಯುವುದಕ್ಕೆ ಮುನ್ನ, ಸರ್ಕಾರವು 1958, 1962 ಮತ್ತು 1970ರ ವಿಶ್ವವಿಜೇತ ಆಟಗಾರರಿಗೆ ತಲಾ ಒಂದು ಲಕ್ಷ ರಿಯಾಲ್ ಬಹುಮಾನ ಕೊಡಲು ಕಾನೂನು ಮಾಡಿತು. ಆ ಹಣ ತಮಗೆ ಬೇಡವೆಂದು ಟೋಸ್ಟಾವೊ ಬಹಿರಂಗವಾಗಿಯೇ ತಿಳಿಸಿದರು. ಬಿಡಿಗಾಸೆಂಬ ಹೆಸರು ಹೊತ್ತವರು ಲಕ್ಷವನ್ನು ನಿರಾಕರಿಸಿದರು!

ನನ್ನ ವಿದ್ಯಾರ್ಥಿಗಳಾಗಿದ್ದ ನಿಮ್ಮಲ್ಲಿ ಹಲವರು ಈಗ ನಡುವಯಸ್ಸನ್ನು ದಾಟುತ್ತಿದ್ದೀರಿ. ನೆಚ್ಚಿದ್ದ ಕೆಲಸ ನಡುವಿನಲ್ಲೇ ಕೈಬಿಟ್ಟು, ಇನ್ನು ನನಗೇನು ಉಳಿಯಿತು ಎಂದು ಕೇಳುವವರೂ ಇದ್ದೀರಿ. ಅಂಥವರಿಗೆ ಸುಲಭದ ಸಮಾಧಾನ ಹೇಳಲಾರೆ. ಟೋಸ್ಟಾವೊ ಕಳೆದುಕೊಂಡದ್ದು ಸಣ್ಣದೇನಲ್ಲ, ಅದು ಮರಳಿ ಬರಲೂ ಇಲ್ಲ. ಆದರೆ ತಾನು ಸರಿದು ಇನ್ನೊಬ್ಬನಿಗೆ ಜಾಗ ಮಾಡಿಕೊಡುವುದನ್ನು ಅವರು ಅಂಗಳದಲ್ಲೇ ಕಲಿತಿದ್ದರು. ಇಪ್ಪತ್ತಾರರಲ್ಲಿ ಟೋಸ್ಟಾವೊ ಸರಿದು ನಿಂತರು, ಆ ತೆರವಿನಲ್ಲಿ ಡಾಕ್ಟರ್ ಎಡ್ವಾರ್ಡೊ ಮುನ್ನಡೆದರು. ಅವರ ಚರಿತ್ರೆಯನ್ನು ನಾನು ಓದುವುದು ಹೀಗೆ. ನೀವು ಹೇಗೆ ಓದುತ್ತೀರಿ, ಬಿಡುವಾದಾಗ ತಿಳಿಸಿ.